ನನ್ನ ಸೀಟಿ ಮೊದಲು, ಗಾಡಿ ಆಮೇಲೆ

ಏನಾದರೂ ಆಗುವುದಿದ್ದರೆ ಅದು ಆಗುವ ಮುಂಚೆಯೇ ನನಗೆ ಗೊತ್ತಾಗುತ್ತದೆ. ಗೊತ್ತಾದದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡು ಸುಮ್ಮನೆ ಕೂರುವುದಂತೂ ನನ್ನಿಂದ ಆಗದ ಕೆಲಸ. ಈ ಎರಡು ಗುಣ ಒಬ್ಬನಲ್ಲೇ ಸೇರಿಬಿಟ್ಟರೆ, ಮುಂಬಯಿಯಂಥ ಊರಿನಲ್ಲಿ ದಿನಕ್ಕೊಂದು ಪ್ರಸಂಗ ಆಗದೆ ಏನಾದೀತು ಹೇಳಿ?

ನಾನು ಬಿಜಾಪುರ ಜಿಲ್ಲೆಯ ಹಳ್ಳಿಯವನು. ಜೋಳದ ತೆನೆ ಹಾಲುಗಟ್ಟುವ ಕಾಲಕ್ಕೆ ಅಟ್ಟಣಿಗೆ ಹತ್ತಿ ಕವಣೆ ಹಿಡಿದು ಕೂತರೆ, ಹಕ್ಕಿ ಹೊಲಕ್ಕೆ ಇಳಿಯುವ ಮೊದಲೇ ನನ್ನ ಕಲ್ಲು ಅಲ್ಲಿರುತ್ತಿತ್ತು. ನಮ್ಮ ಹೊಲದ ಜೋಳ ತಿಂದ ಹಕ್ಕಿ ಸುತ್ತಲಿನ ಏಳು ಹಳ್ಳಿಯಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ. ಅರವತ್ತರ ದಶಕ ಮುಗಿಯುತ್ತ ಬಂದಾಗ ಮುಂಬಯಿಗೆ ಬಂದೆ. ಕುರ್ಲಾದ ಹತ್ತಿರ ಹಳಿ ದುರಸ್ತಿ ಮಾಡುವ ಒಬ್ಬ ಗುತ್ತಿಗೆದಾರನ ಗ್ಯಾಂಗು ಸೇರಿದೆ. ನನ್ನನ್ನೂ ಹಿಡಿದು ಹದಿನೆಂಟು ಮಂದಿ, ಎಲ್ಲರೂ ನಮ್ಮ ಕಡೆಯವರೇ. ಹದಿನೇಳು ಮಂದಿ ಹಳಿಯ ಮೇಲೆ ಬಗ್ಗಿ ಅದರ ಬುಡದ ಖಡಿ, ಅಂದರೆ ಜಲ್ಲಿಕಲ್ಲು, ಬಡಿಯುತ್ತಾರೆ. ಹದಿನೆಂಟನೆಯವನು ದೂರ ನಿಂತು, ಗಾಡಿ ಬರುವ ಮೊದಲು ಸೀಟಿ ಊದಿ ಅವರನ್ನು ಎಬ್ಬಿಸುತ್ತಾನೆ. ಆ ಹದಿನೆಂಟನೆಯವನೇ ನಾನು. ಊರಿಗೆ ಬರೆದ ಮೊದಲ ಪತ್ರದಲ್ಲಿ, 'ಮುಂಬಯಿಯಲ್ಲಿ ನಾನು ಊದಿದ ಮೇಲೆಯೇ ಗಾಡಿ ಬರುತ್ತದೆ' ಎಂದು ಬರೆದಿದ್ದೆ. ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಅಪ್ಪ ಅದನ್ನು ಊರೆಲ್ಲ ಓದಿಸಿದನಂತೆ.

ಮಂದಿಯ ಮಾರಿ

ಆ ಸೀಟಿ ನನಗೇನು ಪುಕ್ಕಟೆ ಸಿಗಲಿಲ್ಲ. ಮೊದಲ ದಿನ ಗ್ಯಾಂಗಿನ ಮೇಸ್ತ್ರಿ, ನಮ್ಮ ಮುಕಾದಮ, ಹೊಸಬರನ್ನು ಸಾಲಾಗಿ ನಿಲ್ಲಿಸಿದ. ಅವನು ಸೊಲ್ಲಾಪುರದವನು. ಮಾತು ಅರ್ಧ ಮರಾಠಿ, ಅರ್ಧ ಕನ್ನಡ. ಬೈಗುಳ ಮಾತ್ರ ಎರಡರಲ್ಲೂ ಪೂರ್ತಿ.

"ಸಲಿಕಿ ಹಿಡಿಯಾಕ ಎಲ್ಲಾರಿಗೂ ಬರ್ತದ. ಸೀಟಿ ಊದಾಕ ಒಬ್ಬವ ಬೇಕು. ಮುಂದಿನ ಗಾಡಿ ಬರೂದು ಯಾರಿಗೆ ಮೊದಲ ಗೊತ್ತಾಗ್ತದೋ ಅವಂಗ ಸೀಟಿ" ಅಂದ.

ನಾವು ನಿಂತ ಜಾಗದಿಂದ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನ ತುದಿ ಕಾಣುತ್ತಿತ್ತು. ಅದರಾಚೆ ಹಳಿ ತಿರುಗುತ್ತಿತ್ತು, ತಿರುವಿಗೆ ಒಂದು ಗೋದಾಮು ಅಡ್ಡ. ಅಂದಮೇಲೆ ಗಾಡಿ ಸಮೀಪ ಬರುವತನಕ ನಮಗೆ ಕಾಣುವ ಹಾಗೇ ಇಲ್ಲ. ನನ್ನ ಜೊತೆಗಿದ್ದವರಲ್ಲಿ ಒಬ್ಬ ಮಂಡಿಯೂರಿ ಹಳಿಗೆ ಕಿವಿ ಹಚ್ಚಿದ. ಇನ್ನೊಬ್ಬ ಹಣೆಗೆ ಕೈ ಅಡ್ಡ ಹಿಡಿದು ಗೋದಾಮನ್ನೇ ದಿಟ್ಟಿಸುತ್ತ ನಿಂತ, ಗೋಡೆಯ ಮೂಲಕ ಕಾಣುತ್ತದೇನೋ ಎಂಬಂತೆ. ನಾನು ಹಳಿಯ ಕಡೆ ನೋಡಲೇ ಇಲ್ಲ. ಪ್ಲಾಟ್‌ಫಾರ್ಮಿನ ಮೇಲೆ ನಿಂತ ಮಂದಿಯನ್ನು ನೋಡುತ್ತ ಕೂತೆ.

"ಏ ಪೋರಾ, ಗಾಡಿ ನೋಡಂದ್ರ ಮಂದಿ ಮಾರಿ ನೋಡಾಕತ್ತೀಯಲ್ಲೋ?" ಅಂತ ಮುಕಾದಮ ಗದರಿದ.

"ಬಂತ್ರಿ. ಫಾಸ್ಟ್ ಗಾಡಿ" ಅಂದೆ.

ಹಳಿಗೆ ಕಿವಿ ಹಚ್ಚಿದವನು "ಏನೂ ಕೇಳವಲ್ದು" ಅಂದ. ಗೋದಾಮು ನೋಡುವವನು "ಏನೂ ಕಾಣವಲ್ದು" ಅಂದ. ಮುಕಾದಮ ನನಗೆ ಬೈಯಲು ಬಾಯಿ ತೆರೆದ. ತೆರೆದ ಬಾಯಿ ಮುಚ್ಚುವ ಮೊದಲೇ ಫಾಸ್ಟ್ ಗಾಡಿ ಗೋದಾಮಿನ ಮರೆಯಿಂದ ಧಡಧಡ ಬಂದು ಹೋಯಿತು. ಮೂರು ಗಾಡಿಗೆ ಮೂರು ಸಲ ಹೇಳಿದೆ. ಫಾಸ್ಟ್ ಯಾವುದು, ಸ್ಲೋ ಯಾವುದು ಎಂಬುದನ್ನೂ ಬಿಡಲಿಲ್ಲ.

"ಏನ್ ಮಾಟ ಮಾಡ್ತೀಯೋ?" ಅಂತ ಕೇಳಿದ.

"ಮಾಟ ಏನಿಲ್ರಿ. ಪ್ಲಾಟ್‌ಫಾರ್ಮಿನ ಮಂದಿಗೆ ತಿರುವಿನ ಆಚೀದು ಕಾಣತೈತಿ. ಗಾಡಿ ಬರೂದು ಕಂಡ ಕೂಡ್ಲೆ ಧೋತ್ರ ಮ್ಯಾಲ ಕಟ್ಟಿ, ಚೀಲ ಎದಿಗೆ ಅವಚಿಗೊಂಡು ಮುಂದ ಬಂದ್ರ ಸ್ಲೋ. ಎರಡ್ ಹೆಜ್ಜಿ ಹಿಂದ ಸರದ್ರ ಫಾಸ್ಟ್, ಅದು ಇಲ್ಲಿ ನಿಲ್ಲೂದಿಲ್ಲ. ಹಕ್ಕಿ ಕಾಯೂ ಮುಂದೂ ಅಷ್ಟ ರೀ, ಹಕ್ಕಿ ನೋಡಬಾರ್ದು, ದನ ಎತ್ತಾಗ ಕಿವಿ ತಿರುವತಾವು ಅದನ್ನ ನೋಡಬೇಕು."

ಮುಕಾದಮ ಆಗಿಂದಾಗಲೇ ಸೀಟಿಯ ದಾರವನ್ನು ನನ್ನ ಕೊರಳಿಗೆ ಹಾಕಿದ. ಅಂದಿನಿಂದ ದಿನವಿಡೀ ಪ್ಲಾಟ್‌ಫಾರ್ಮಿನ ಮಂದಿಯ ಮುಖ ನೋಡುವುದೇ ನನ್ನ ನೌಕರಿ. ಹೆಂಗಸರ ಡಬ್ಬಿ ನಿಲ್ಲುವುದು ಸರಿಯಾಗಿ ನನ್ನ ಕಣ್ಣೆದುರಿಗೆ ಎಂಬುದನ್ನು ನಾನಾಗಿ ಯಾರಿಗೂ ಹೇಳಲಿಲ್ಲ, ಯಾರೂ ಕೇಳಲಿಲ್ಲ.

ಸಾಹೇಬರಿಗೆ ಎಷ್ಟು ಸೀಟಿ

ಒಂದು ಉದ್ದ ಸೀಟಿ ಅಂದರೆ ಗಾಡಿ. ಇದು ಎಲ್ಲ ಗ್ಯಾಂಗಿನಲ್ಲೂ ಇದೆ. ಎರಡು ಗಿಡ್ಡ ಸೀಟಿ ಮಾತ್ರ ನನ್ನ ಸ್ವಂತ ಕಲ್ಪನೆ.

ಗುತ್ತಿಗೆದಾರನ ಇಂಜಿನಿಯರ್ ಸಾಹೇಬರು ಹೇಳದೆ ಕೇಳದೆ ಬಂದು ನಿಲ್ಲುವವರು. ಬಂದಾಗ ನೋಡಿದರೆ ಹದಿನೇಳು ಮಂದಿಯಲ್ಲಿ ಎಂಟು ಮಂದಿಯ ಬಾಯಲ್ಲಿ ಬೀಡಿ, ಆರು ಮಂದಿಯ ಅಂಗೈಯಲ್ಲಿ ತಂಬಾಕು, ಮುಕಾದಮ ಬೇವಿನ ಗಿಡದ ನೆರಳಿಗೆ ಅಂಗಾತ. ಸಾಹೇಬರಿಗೂ ಸಿಟ್ಟು, ನಮಗೂ ತ್ರಾಸು. ಅದಕ್ಕೇ ನಾನು, ಸಾಹೇಬರ ಬಿಳಿ ಟೊಪ್ಪಿಗೆ ದೂರದಲ್ಲಿ ಕಂಡ ತಕ್ಷಣ ಎರಡು ಗಿಡ್ಡ ಸೀಟಿ ಎಂದು ಗೊತ್ತುಮಾಡಿದೆ. ಒಂದು ತಿಂಗಳಲ್ಲಿ ನಮ್ಮ ಗ್ಯಾಂಗು ಕೆಲಸಕ್ಕೆ ಹೆಸರಾಗಿಬಿಟ್ಟಿತು. ಸಾಹೇಬರು ಯಾವಾಗ ಬಂದರೂ ಸಲಿಕೆಗಳು ಆಡುತ್ತಿರುತ್ತಿದ್ದವು, ಮುಕಾದಮ ಕೂಗುತ್ತಿರುತ್ತಿದ್ದ.

ಒಂದು ದಿನ ಸಾಹೇಬರು ಟೊಪ್ಪಿಗೆ ಬಿಟ್ಟು ಹಿಂದಿನ ಗಲ್ಲಿಯಿಂದ ಬಂದರು. ನಾನು ತಿರುಗಿ ನೋಡುವಷ್ಟರಲ್ಲಿ ಪಕ್ಕದಲ್ಲೇ ಇದ್ದಾರೆ! ಕೈ ತಾನಾಗಿಯೇ ಸೀಟಿಗೆ ಹೋಯಿತು. ಪೀಪ್, ಪೀಪ್. ಅವರ ಕಣ್ಣೆದುರಿಗೇ ಎಂಟು ಬೀಡಿ ಮಾಯವಾದವು, ಹದಿನೇಳು ಬೆನ್ನು ಬಗ್ಗಿದವು, ಬೇವಿನ ಗಿಡದ ಬುಡದಿಂದ ಮುಕಾದಮ ಎದ್ದು ಕಣ್ಣು ಮುಚ್ಚಿಕೊಂಡೇ "ಜೋರ್ ಲಗಾವ್!" ಎಂದು ಕೂಗಿದ.

ಸಾಹೇಬರು ಹಿಂದಿಯಲ್ಲಿ ಕೇಳಿದರು, "ಗಾಡಿ ಬರಲಿಲ್ಲ. ಸೀಟಿ ಯಾಕೆ ಊದಿದೆ?"

ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಕಾಲಿಗೆ ಬೀಳುತ್ತಿದ್ದರು. ನಾನು ಎದೆ ಸೆಟೆಸಿ ನನ್ನ ಮುರುಕು ಹಿಂದಿಯಲ್ಲೇ ಹೇಳಿದೆ. "ಸಾಹೇಬ್, ಒಂದು ಉದ್ದ ಸೀಟಿ ಗಾಡಿಗೆ. ಎರಡು ಗಿಡ್ಡ ತಮ್ಮ ಸವಾರಿಗೆ. ಗಾಡಿಗೂ ತಮಗೂ ಒಂದೇ ಸೀಟಿ ಊದಿದರೆ ತಮ್ಮ ಮರ್ಯಾದೆಗೆ ಕಡಿಮೆ."

ಮುಕಾದಮನ ಮುಖ ಸುಣ್ಣವಾಯಿತು. ಸಾಹೇಬರು ನನ್ನನ್ನು ಮೇಲಿಂದ ಕೆಳಗೆ ನೋಡಿದರು, ಗ್ಯಾಂಗನ್ನು ನೋಡಿದರು. ಆಮೇಲೆ ನನ್ನ ಹೆಗಲ ಮೇಲೆ ಕೈ ಹಾಕಿ ಹತ್ತು ಹೆಜ್ಜೆ ಆಚೆ ಕರೆದುಕೊಂಡು ಹೋದರು. ನನ್ನ ನೌಕರಿ ಹೋಯಿತು ಎಂದೇ ಎಲ್ಲರೂ ತಿಳಿದರು.

ಸಾಹೇಬರು ಕಿವಿಯಲ್ಲಿ ಹೇಳಿದ್ದು ಇಷ್ಟೇ: "ನನ್ನ ಮೇಲಿನ ದೊಡ್ಡ ಸಾಹೇಬರು ಬಂದರೆ ಮೂರು ಊದು."

ನಳದ ಬಾಯಿಗೆ ಸೀಟಿ

ಕುರ್ಲಾದ ಒಂದು ಚಾಳಿನಲ್ಲಿ, ಅಂದರೆ ಬಾಡಿಗೆ ಖೋಲಿಗಳ ಸಾಲುಮನೆಯಲ್ಲಿ, ಒಂದೇ ಖೋಲಿಗೆ ನಾವು ಗ್ಯಾಂಗಿನ ಒಂಬತ್ತು ಮಂದಿ ಇದ್ದೆವು. ನಮ್ಮೆಲ್ಲರಿಗೂ ಹಿರಿಯನಾದವನನ್ನು ಎಲ್ಲರೂ ಕಾಕಾ ಎನ್ನುತ್ತಿದ್ದರು. ಮೀಸೆ ಎರಡು ಗೇಣು, ಸಿಟ್ಟು ನಾಲ್ಕು ಗೇಣು. ಇಡೀ ಚಾಳಿಗೆ ಅಂಗಳದಲ್ಲಿ ಒಂದೇ ನಳ. ಬೆಳಗಿನ ಐದರ ಆಸುಪಾಸಿನಲ್ಲಿ ನೀರು ಬರುವುದು, ಮುಕ್ಕಾಲು ಗಂಟೆಯಲ್ಲಿ ಹೋಗುವುದು. ಐದಕ್ಕೆ ಹತ್ತು ನಿಮಿಷ ಹಿಂದೆಯೋ ಮುಂದೆಯೋ, ನೀರಿಗೂ ಗೊತ್ತಿಲ್ಲ. ಅದಕ್ಕೇ ಹೆಂಗಸರೆಲ್ಲ ನಾಲ್ಕೂವರೆಗೇ ಎದ್ದು ಬಕೇಟಿನ ಮೇಲೆ ತೂಕಡಿಸುತ್ತ ಕೂರುತ್ತಿದ್ದರು.

ಕೆಳಗಿನ ಖೋಲಿಯ ಮರಾಠಿ ಆಜಿ ಒಂದು ದಿನ, "ಏ ಸೀಟಿವಾಲಾ, ಗಾಡಿ ಬರೂದು ಹೇಳ್ತಿ, ನೀರ್ ಬರೂದು ಹೇಳಾಕ ಬರೂದಿಲ್ಲೇನು?" ಎಂದು ಕೆಣಕಿದಳು. ಕನ್ನಡದವರ ನಡುವೆ ಇಪ್ಪತ್ತು ವರ್ಷ ಇದ್ದು ಅವಳ ನಾಲಗೆಯೂ ನಮ್ಮದೇ ಆಗಿತ್ತು.

"ನಾಳಿಂದ ಆರಾಮ ಮಕ್ಕೋ ಆಜಿ" ಅಂದೆ.

ನೀರಿಗಿಂತ ಮೊದಲು ನಳದಲ್ಲಿ ಗಾಳಿ ಬರುತ್ತದೆ ಎಂಬುದನ್ನು ನಾನು ಕಂಡಿದ್ದೆ. ನಳ ಕೆಮ್ಮುತ್ತದೆ, ಉಬ್ಬಸಪಡುತ್ತದೆ, ಆಮೇಲೆ ನೀರು. ನನ್ನ ಹತ್ತಿರ ಇನ್ನೊಂದು ಹಳೇ ಸೀಟಿ ಇತ್ತು. ರಾತ್ರಿ ಊಟಕ್ಕೆ ಮುಂಚೆ ಅದಕ್ಕೆ ಬಟ್ಟೆ ಸುತ್ತಿ ನಳದ ಬಾಯಿಗೆ ಗಟ್ಟಿಯಾಗಿ ತುರುಕಿ, ನಳವನ್ನು ತೆರೆದಿಟ್ಟು ಬಂದೆ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಗ್ಯಾಂಗಿನ ಕಾಯಿದೆ ಏನೆಂದರೆ, ಸೀಟಿ ಕೇಳಿದರೆ ಯಾಕೆ, ಏನು ಎಂದು ಕೇಳಕೂಡದು. ಕೈಯಲ್ಲಿದ್ದದ್ದು ಬಿಟ್ಟು, ಹಳಿ ದಾಟಿ ಬದಿಗೆ ಹೋಗಿ, ಸಾಲಾಗಿ ನಿಂತು, ಒಂದು ಕೈ ಮೇಲೆತ್ತಬೇಕು. ಕೈ ಎತ್ತಿದರೆ ಎಲ್ಲರೂ ಬದಿಗೆ ಬಂದಿದ್ದಾರೆ ಎಂದು ಡ್ರೈವರನಿಗೆ ಗೊತ್ತಾಗುತ್ತದೆ. ಗಾಡಿ ಪೂರ್ತಿ ಹೋಗುವತನಕ ಕೈ ಇಳಿಸಕೂಡದು. ದಿನಕ್ಕೆ ನಲವತ್ತು ಸಲ ಇದೇ ಮಾಡಿ ಮಾಡಿ ನಮ್ಮ ಮಂದಿಯ ಮೈಯಲ್ಲೇ ಅದು ಇಳಿದುಬಿಟ್ಟಿತ್ತು.

ಬೆಳಗಿನ ಐದಕ್ಕೆ ಮೂರು ನಿಮಿಷ ಇದೆ ಎನ್ನುವಾಗ ನಳ ಸೀಟಿ ಹೊಡೆಯಿತು. ಎಂಥ ಸೀಟಿ ಅಂತೀರಿ! ನನ್ನ ಪುಪ್ಪುಸಕ್ಕೆ ಅಷ್ಟು ದಮ್ಮು ಇಲ್ಲ. ಚಾಳು ಗಡಬಡಿಸಿ ಎದ್ದಿತು. ಹೆಂಗಸರು ಕೊಡ, ಬಕೇಟು, ತಪ್ಪೇಲಿ ಹಿಡಿದು ಇಳಿದರು. ಹಿಂದೆಯೇ ನೀರು ನುಗ್ಗಿತು. ಸೀಟಿ ಹಾರಿ ಹೋಗಿ ಆಜಿಯ ತಾಮ್ರದ ಹಂಡೆಯಲ್ಲಿ ಠಣ್ ಎಂದು ಬಿತ್ತು. "ಶಾಣ್ಯಾ ಪೋರ!" ಎಂದು ಆಜಿ ಮೊದಲ ಸಲ ನನ್ನನ್ನು ಹೊಗಳಿದಳು. ಎಲ್ಲರ ಕೊಡವೂ ತುಂಬಿತು, ಯಾರೂ ಜಗಳಾಡಲಿಲ್ಲ.

ಈ ಹೊಗಳಿಕೆ ಕೇಳುತ್ತ ಅಂಗಳದಲ್ಲಿ ನಿಂತವನಿಗೆ, ನೀರು ನಿಂತ ಮೇಲೆ ತಟ್ಟನೆ ನೆನಪಾಯಿತು: ನಮ್ಮ ಖೋಲಿಯವರು ಒಬ್ಬರೂ ಇಳಿದಿಲ್ಲವಲ್ಲ! ಬಕೇಟು ಖಾಲಿ ಬಿದ್ದಿದೆ. ಮೇಲೆ ಓಡಿ ಬಾಗಿಲು ತಳ್ಳಿದೆ.

ಎಂಟೂ ಮಂದಿ ಹಾಸಿಗೆ ಬಿಟ್ಟು ಎದ್ದು, ಗೋಡೆಗೆ ಬೆನ್ನು ಹಚ್ಚಿ ಸಾಲಾಗಿ ನಿಂತಿದ್ದರು. ಎಂಟೂ ಮಂದಿಯ ಬಲಗೈ ಮೇಲಿತ್ತು. ಎಂಟೂ ಮಂದಿಯ ಕಣ್ಣು ಮುಚ್ಚಿತ್ತು. ಇಬ್ಬರು ಗೊರಕೆ ಹೊಡೆಯುತ್ತಿದ್ದರು.

ಕಾಕಾ ಕಣ್ಣು ತೆರೆಯದೆಯೇ ಕೇಳಿದ, "ಗಾಡಿ ಹೋತೇನಲೇ?"

"ಗಾಡಿ ಅಲ್ಲ ಕಾಕಾ" ಅಂದೆ, "ನೀರು ಹೋತು."

ಸಾಂಬಾರಿನ ಮುನ್ಸೂಚನೆ

ಚಾಳಿನ ಮೂಲೆಯಲ್ಲಿ ಉಡುಪಿ ಕಡೆಯವರ ಹೋಟೆಲು. ಅಲ್ಲಿನ ಮಾಲಕರು ಹಣ ತೆಗೆದುಕೊಳ್ಳುವ ಗಲ್ಲೆಯ ಮೇಲೆ ಕೂತರೆ ಅರ್ಧ ಹೋಟೆಲು ಅವರೇ ತುಂಬುತ್ತಿದ್ದರು. ಒಂದು ಮುಂಜಾನೆ ಸಾಂಬಾರಿನ ವಾಸನೆ ಮೂಗಿಗೆ ಬಡಿದ ಕೂಡಲೇ ತಿಳಿಯಿತು, ಇದು ನಿನ್ನೆಯದು, ಹಳಸಿದೆ. ನಾನು ತಿನ್ನದೆ ಹೊರಗೆ ಬಂದು ಬಾಗಿಲಲ್ಲಿ ನಿಂತೆ. ಒಳಗೆ ಹೋಗುವವರಿಗೆಲ್ಲ "ಸಾಂಬಾರು ಬಿಡ್ರಿ, ಚಟ್ನಿ ಹಚ್ಚಿಗೊಳ್ರಿ" ಎಂದು ಹೇಳತೊಡಗಿದೆ. ಹನ್ನೆರಡು ಮಂದಿ ಚಟ್ನಿ ಕೇಳಿದ ಮೇಲೆ ಮಾಲಕರಿಗೆ ಸಂಶಯ ಬಂತು. ಅಷ್ಟು ಭಾರದ ಮನುಷ್ಯ ಗಲ್ಲೆ ಬಿಟ್ಟು ಎದ್ದು ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು.

"ನಿನಗೇನು ಮಾರಾಯ, ನನ್ನ ಹೋಟ್ಲಿಗೆ ಬೀಗ ಹಾಕಿಸ್ತೀಯಾ?"

"ಬೀಗ ಬೀಳಬಾರ್ದು ಅಂತನ ಹೇಳಾಕತ್ತೇನ್ರಿ ಅಣ್ಣಾ. ಮಂದಿ ಹೊಟ್ಟಿ ಕೆಟ್ಟ ಮ್ಯಾಲ ಹೇಳಿದ್ರ ಏನ್ ಉಪಯೋಗ?"

ಅವರು ಒಳಗೆ ಹೋಗಿ ಒಂದು ಚಮಚ ಬಾಯಿಗೆ ಹಾಕಿ ನೋಡಿದರು. ಹೊರಗೆ ಬಂದಾಗ ದನಿ ಇಳಿದಿತ್ತು. "ಹೇಳುವುದು ಹೇಳು. ಆದರೆ ಒಳಗೆ ಬಂದು ನನಗೆ ಹೇಳು, ಬಾಗಿಲಲ್ಲಿ ನಿಂತು ಊರಿಗೆ ಹೇಳಬೇಡ ಮಾರಾಯ."

ಅಂದಿನಿಂದ ದಿನದ ಮೊದಲ ಸಾಂಬಾರು ಬೀಳುವುದು ನನ್ನ ಇಡ್ಲಿಯ ಮೇಲೆ. ಕೆಟ್ಟಿದ್ದರೆ ಹೇಳಿಬಿಡುತ್ತೇನೆ. ಚೆನ್ನಾಗಿದ್ದರೆ ಇನ್ನೆರಡು ಬಟ್ಟಲು ತರಿಸಿ ಖಾತ್ರಿ ಮಾಡಿಕೊಳ್ಳುತ್ತೇನೆ.

ಭೋಂಗಾಕ್ಕಿಂತ ನಾಯಿ ಮೇಲು

ಎಪ್ಪತ್ತೊಂದರ ಯುದ್ಧದ ದಿನಗಳು. ಸಂಜೆಯಾದರೆ ಊರೆಲ್ಲ ಕತ್ತಲೆ. ಕಿಟಕಿಗೆ ಕಂದು ಕಾಗದ, ದೀಪಕ್ಕೆ ಬಟ್ಟೆ. ವಿಮಾನ ದಾಳಿಯ ಭೋಂಗಾ, ಅಂದರೆ ಸೈರನ್ನು, ಕೂಗಿದರೆ ಒಲೆ, ದೀಪ ಎಲ್ಲ ಆರಿಸಿ ಚಾಳಿನವರೆಲ್ಲ ಮೆಟ್ಟಿಲಿನ ಕೆಳಗೆ ಸೇರಬೇಕು. ಓಣಿಗೊಬ್ಬ ವಾರ್ಡನ್ ಬ್ಯಾಟರಿ ಹಿಡಿದು ತಿರುಗುತ್ತಿದ್ದ.

ಎರಡು ಸಂಜೆ ಲಕ್ಷ್ಯಗೊಟ್ಟು ನೋಡಿದೆ. ಭೋಂಗಾ ಕೂಗುವುದಕ್ಕೆ ಅರ್ಧ ನಿಮಿಷ ಮೊದಲೇ ನಮ್ಮ ಗಲ್ಲಿಯ ನಾಯಿಗಳು ಮೂತಿ ಮೇಲೆತ್ತಿ ಊಳಿಟ್ಟವು. ದೂರದ ಪರೇಲ್ ಕಡೆಯ ಭೋಂಗಾ ಅವಕ್ಕೆ ಮೊದಲು ಕೇಳುತ್ತದೆ, ನಮಗೆ ಕೇಳುವುದಿಲ್ಲ. ನಾನು ಚಾಳಿನವರನ್ನೆಲ್ಲ ಸೇರಿಸಿ, "ಇನ್ನ ಮ್ಯಾಲ ಭೋಂಗಾ ದಾರಿ ಕಾಯಬ್ಯಾಡ್ರಿ. ಅರ್ಧ ನಿಮಿಷ ಅಂದ್ರ ಸಣ್ಣದಲ್ಲ. ನಾಯಿ ಒದರಿದ ಕೂಡ್ಲೆ ನಾ ಸೀಟಿ ಊದತೇನಿ" ಎಂದು ಭಾಷಣವನ್ನೇ ಮಾಡಿದೆ. ನಳದ ಸೀಟಿಯಿಂದ ಬೆಳೆದ ನನ್ನ ಮಾತಿನ ಬೆಲೆ ಅದು, ಯಾರೂ ಎದುರಾಡಲಿಲ್ಲ.

ಮರುದಿನ ಸಂಜೆ ಏಳು ಗಂಟೆಗೆ ನಾಯಿಗಳು ಊಳಿಟ್ಟವು. ಒಂದಲ್ಲ ಎರಡಲ್ಲ, ಗಲ್ಲಿಯ ಅಷ್ಟೂ ನಾಯಿ. ಇಷ್ಟು ನಾಯಿ ಅಂದರೆ ವಿಮಾನವೂ ಅಷ್ಟೇ ಇರಬೇಕು ಎಂದು ಲೆಕ್ಕಹಾಕಿ ಜೀವ ಬಿಟ್ಟು ಊದಿದೆ. ಎಲ್ಲ ಒಲೆಗಳು ಆರಿದವು. ಮೆಟ್ಟಿಲ ಕೆಳಗೆ ಅರವತ್ತು ಮಂದಿ ಮೊಣಕಾಲಿಗೆ ಮೊಣಕಾಲು ಹಚ್ಚಿ ಕೂತರು. ಆಜಿ ಬಾಣಲೆಯಲ್ಲಿ ಹುರಿಯುತ್ತಿದ್ದ ಬೊಂಬಿಲ್ ಮೀನನ್ನು ಅರ್ಧಕ್ಕೇ ಬಿಟ್ಟು ಬಂದಿದ್ದಳು.

ಭೋಂಗಾ ಕೂಗಲಿಲ್ಲ. ಕಾಲು ಗಂಟೆ ಆಯಿತು. ಅರ್ಧ ಗಂಟೆ ಆಯಿತು. "ಇವರ ಭೋಂಗಾ ಕೆಟ್ಟೈತಿ" ಎಂದು ನಾನು ಎಲ್ಲರಿಗೂ ಧೈರ್ಯ ಹೇಳುತ್ತಿದ್ದೆ. ಅಷ್ಟರಲ್ಲಿ ವಾರ್ಡನ್ ಬಂದು ಬ್ಯಾಟರಿ ಬಿಟ್ಟ. ಮೆಟ್ಟಿಲ ಕೆಳಗೆ ಅರವತ್ತು ಮುಖ ಮಿಣಿಮಿಣಿ ಎಂದವು.

"ಯಾಕೆ ಇಲ್ಲಿ ಕೂತಿದ್ದೀರಿ?" ಎಂದ ಹಿಂದಿಯಲ್ಲಿ.

"ನಾಯಿ ಒದರಿದ್ವು" ಎಂದರು ಎಲ್ಲರೂ.

"ಒದರದೆ ಏನು ಮಾಡುತ್ತವೆ? ಗಲ್ಲಿಯ ಬಾಯಲ್ಲಿ ಮೀನಿನವಳ ಬುಟ್ಟಿ ಕತ್ತಲಲ್ಲಿ ಬಿದ್ದುಹೋಗಿದೆ. ಸುತ್ತಲಿನ ನಾಯಿಗಳೆಲ್ಲ ಅಲ್ಲೇ ಜಗಳಕ್ಕೆ ಬಿದ್ದಿವೆ."

ಅರವತ್ತು ಮುಖ ನನ್ನ ಕಡೆ ತಿರುಗಿದವು. ನಾನು ಸೋಲುವವನೇ? "ಏನಾತು ಈಗ? ನಾ ಊದಿದೆ, ನೀವು ಕೂತ್ರಿ, ಒಂದ್ ವಿಮಾನನೂ ಬರಲಿಲ್ಲ. ಇದಕ್ಕಿಂತ ಇನ್ನೇನ್ ಬೇಕು?" ಅಂದೆ.

ಅಷ್ಟರಲ್ಲಿ ಆಜಿ ತನ್ನ ಖೋಲಿಗೆ ಹೋಗಿ, ಖಾಲಿ ಬಾಣಲೆ ಹಿಡಿದುಕೊಂಡು ಬಂದಳು.

"ವಿಮಾನ ಬರಲಿಲ್ಲಪಾ, ಖರೆ. ಬೆಕ್ಕು ಬಂದಿತ್ತು. ಅದಕ್ಕ ಯಾವ ಸೀಟಿ ಊದ್ತಿ?"

ಬುಟ್ಟಿ

ನಾಯಿಯ ಸುದ್ದಿ ಮರುದಿನವೇ ಮುಕಾದಮನಿಗೆ ಮುಟ್ಟಿತು. ನಗುತ್ತಾನೆ ಅಂದುಕೊಂಡಿದ್ದೆ. ನಗಲಿಲ್ಲ.

"ನೋಡು ಪೋರಾ, ಸೀಟಿ ಊದದವ ಒಮ್ಮೆ ಮಂದಿನ್ನ ಕೊಲ್ತಾನ. ಸುಮ್ಮಸುಮ್ಮನ ಊದವ ಅವರ ನಂಬಿಗಿನ್ನ ಕೊಲ್ತಾನ, ಆಮ್ಯಾಲ ದಿನಾ ಕೊಲ್ತಾನ. ಇನ್ನೊಂದ್ ತಪ್ಪಾದ್ರ ಸೀಟಿ ಕಿತ್ತಿಗೊಂಡು ಸಲಿಕಿ ಕೊಡ್ತೇನಿ."

ಅವನು ಹೇಳಿದ್ದು ಖರೆಯಾಗತೊಡಗಿತು. ನಾನು ಊದಿದರೆ ಮೊದಲಿನ ಹಾಗೆ ಜಿಗಿದು ಏಳುತ್ತಿರಲಿಲ್ಲ. ಒಬ್ಬ ಸೊಂಟ ಹಿಡಿದುಕೊಂಡು ಎದ್ದು "ಏನಲೇ, ನಾಯಿ ಒದರೇತೇನು?" ಅನ್ನುವನು. ಇನ್ನೊಬ್ಬ ಬೌ ಎನ್ನುವನು. ಹದಿನೇಳು ಮಂದಿ ನಗುತ್ತ ಮೈ ಮುರಿಯುತ್ತ ಹಳಿ ದಾಟುವುದರಲ್ಲಿ ಗಾಡಿ ಬಂದೇಬಿಡುತ್ತಿತ್ತು. ಸೀಟಿ ಹೋದರೆ ಊರಿಗೆ ಏನು ಬರೆಯಲಿ ಎಂಬ ಚಿಂತೆ ಹಗಲಿಗೆ. ಇವರಲ್ಲೊಬ್ಬ ಹೋದರೆ ಅವನ ಊರಿಗೆ ಏನು ಬರೆಯಲಿ ಎಂಬುದು ರಾತ್ರಿಯ, ಅದಕ್ಕಿಂತ ದೊಡ್ಡ ಚಿಂತೆ.

ಒಂದು ಮಧ್ಯಾಹ್ನ. ಅಂದು ಕಾಕಾನ ಮನೆಯಿಂದ ಶೇಂಗಾ ಹೋಳಿಗೆ ಬಂದಿತ್ತು. ಆರು ತಿಂಗಳಲ್ಲಿ ಮನೆಯ ರುಚಿ ಕಂಡದ್ದು ಅಂದೇ. ಆಳಿಗೆ ಒಂದರಂತೆ ಹದಿನೆಂಟು, ಮುಕಾದಮನದೊಂದು, ಒಟ್ಟು ಹತ್ತೊಂಬತ್ತು ಹೋಳಿಗೆ. ಎಲ್ಲರ ಬುತ್ತಿಯನ್ನೂ ಹೋಳಿಗೆಯನ್ನೂ ಒಂದೇ ಬುಟ್ಟಿಯಲ್ಲಿಟ್ಟು, ಇರುವೆ ಹತ್ತದಂತೆ ಕಂಬಕ್ಕೆ ತೂಗುಹಾಕಿದ್ದರು. ಬೆಳಗಿನಿಂದ ಹದಿನೇಳು ಮಂದಿಯ ಒಂದು ಕಣ್ಣು ಖಡಿಯ ಮೇಲೆ, ಇನ್ನೊಂದು ಕಣ್ಣು ಆ ಬುಟ್ಟಿಯ ಮೇಲೆ.

ಆ ಹೊತ್ತಿಗೆ ಪಕ್ಕದ ಹಳಿಗೆ ಒಂದು ಗೂಡ್ಸಿನ ಉಗಿಯ ಇಂಜಿನ್ನು ಬಂದು ನಿಂತಿತು. ನಿಂತದ್ದೇ, ಹೊಟ್ಟೆಯೊಳಗಿನ ಉಗಿಯನ್ನೆಲ್ಲ ಬುಸ್ಸೆಂದು ಹೊರಗೆ ಬಿಡಲು ಶುರುಮಾಡಿತು. ಕಿವಿಗೆ ಬೇರೆ ಏನೂ ಬೀಳುವಂತಿಲ್ಲ. ಪ್ಲಾಟ್‌ಫಾರ್ಮು ಉಗಿಯಲ್ಲಿ ಮುಚ್ಚಿಹೋಯಿತು. ಅಲ್ಲಿ ನಿಂತ ಮಂದಿಯ ಮುಖ ಒಂದೂ ಕಾಣಲಿಲ್ಲ. ನಾನು ಸೀಟಿಯನ್ನು ತುಟಿಯಲ್ಲೇ ಇಟ್ಟುಕೊಂಡು ಕಣ್ಣು ಕಿರಿದು ಮಾಡಿ ನಿಂತಿದ್ದೆ. ಗಾಳಿ ಬೀಸಿ ಉಗಿ ಒಂದು ಕ್ಷಣ ಸರಿಯಿತು. ಸರಿದ ಕಂಡಿಯಲ್ಲಿ, ನಮ್ಮವರು ಬಗ್ಗಿದ ಹಳಿಯ ಮೇಲೆಯೇ, ಲೋಕಲ್ ಗಾಡಿಯ ಮುಖ!

ಊದಿದೆ. ಎದೆ ಬಿರಿಯುವಂತೆ ಊದಿದೆ. ಉಗಿಯ ಬುಸುಬುಸಿನಲ್ಲಿ ನನ್ನ ಸೀಟಿ ನನಗೇ ಕೇಳಲಿಲ್ಲ. ಕೆಂಪು ಬಾವುಟ ಬೀಸಿದೆ. ಡ್ರೈವರನಿಗೂ ನನಗೂ ನಡುವೆ ಮತ್ತೆ ಬಿಳಿ ಮೋಡ ಮುಚ್ಚಿಕೊಂಡಿತು. ಗ್ಯಾಂಗಿನ ಕಡೆ ಓಡುತ್ತ ಎರಡೂ ಕೈ ಬೀಸಿದೆ, ಕುಣಿದೆ. ಕಾಕಾ ತಲೆಯೆತ್ತಿ ನೋಡಿದ. ಪಕ್ಕದವನಿಗೆ ಮೊಣಕೈ ತಿವಿದು ಏನೋ ಹೇಳಿದ. ಕೇಳಿಸದಿದ್ದರೂ ತುಟಿಯ ಮೇಲೇ ತಿಳಿಯಿತು, ನಾಯಿಯದೇ ಮಾತು. ಎಲ್ಲರೂ ನನ್ನನ್ನು ನೋಡಿ ಹಲ್ಲು ಕಿರಿದು, ಮತ್ತೆ ಬಗ್ಗಿದರು.

ಈ ಹದಿನೇಳು ಮಂದಿ ಈಗ ನನ್ನ ಮಾತಿಗೆ ಏಳುವುದಿಲ್ಲ. ಮತ್ತೆ ಯಾವುದಕ್ಕೆ ಎದ್ದಾರು? ಬುಟ್ಟಿ ನನ್ನ ಕೈಗೆ ನಿಲುಕುವಲ್ಲೇ ತೂಗುತ್ತಿತ್ತು. ಕಿತ್ತುಕೊಂಡೆ. ಅವರಿಗೆಲ್ಲ ಕಾಣುವಂತೆ ತಲೆಯ ಮೇಲೆ ಒಮ್ಮೆ ಎತ್ತಿ ತೋರಿಸಿದೆ. ಒಂದು ಹೋಳಿಗೆ ತೆಗೆದು ಬಾಯಿಗೆ ತುರುಕಿಕೊಂಡೆ. ಹಳಿಗೆ ಅಡ್ಡಲಾಗಿ ದಿಬ್ಬ ಇಳಿದು ಬಯಲಿನ ಕಡೆ ಓಟ ಕಿತ್ತೆ.

ಅಬ್ಬಾ, ಆ ಎದ್ದೇಳುವಿಕೆ! ಸೀಟಿಗೆ ಜನ್ಮದಲ್ಲಿ ಅಷ್ಟು ಬೇಗ ಎದ್ದವರಲ್ಲ. ಸಲಿಕೆ ಎಸೆದರು, ಹಾರೆ ಎಸೆದರು. ಕೆಲವರು ಅದನ್ನೂ ಎಸೆಯದೆ ಹಿಡಿದುಕೊಂಡೇ ಬಂದರು. ಹದಿನೇಳೂ ಮಂದಿ "ಹಿಡೀರಲೇ ಕಳ್ಳನ್ನ! ಹೋಳಿಗಿ ಹೊತಗೊಂಡು ಹೊಂಟಾನ!" ಎಂದು ನನ್ನ ಬೆನ್ನಿಗೆ ಬಿದ್ದರು. ಕಾಕಾನಿಗೆ ಐವತ್ತು ದಾಟಿತ್ತು. ಎಲ್ಲರಿಗಿಂತ ಮುಂದೆ ಅವನೇ. ದಿಬ್ಬದ ಕೆಳಗೆ ನನ್ನ ಅಂಗಿಯ ಕಾಲರು ಅವನ ಕೈಗೆ ಸಿಕ್ಕಿತು. ಬೆನ್ನ ಮೇಲೆ ಎರಡು ಗುದ್ದು ಬಿದ್ದವು. ಮೂರನೆಯದಕ್ಕೆ ಕೈ ಎತ್ತಿದ.

ಎತ್ತಿದ ಕೈ ಹಾಗೆಯೇ ನಿಂತಿತು.

ಹಿಂದೆ, ನಮ್ಮ ಹಳಿಯ ಮೇಲೆ, ಲೋಕಲ್ ಗಾಡಿ ಧಡಧಡನೆ ಹೋಗುತ್ತಿತ್ತು. ಡಬ್ಬಿಯ ಮೇಲೆ ಡಬ್ಬಿ. ಯಾರೋ ಎಸೆದಿದ್ದ ಸಲಿಕೆಯೊಂದು ಗಾಲಿಗೆ ಸಿಕ್ಕು ಆಚೆ ಹಾರಿತು. ಕೊನೆಯ ಡಬ್ಬಿ ದಾಟಿತು. ಇಂಜಿನ್ನಿನ ಉಗಿಯೂ ಅಷ್ಟರಲ್ಲಿ ನಿಂತಿತು. ಕಾಕಾ ಅಲ್ಲೇ ಹುಲ್ಲಿನ ಮೇಲೆ ಕುಸಿದು ಕೂತ. ಕಾಲರು ಮಾತ್ರ ಬಿಟ್ಟಿರಲಿಲ್ಲ, ಹಾಗಾಗಿ ನಾನೂ ಕೂತೆ.

ಮುಕಾದಮ ಏದುಸಿರು ಬಿಡುತ್ತ ಓಡಿಬಂದ. ಎಲ್ಲರನ್ನೂ ಎಣಿಸಿದ. ಎರಡು ಸಲ ಎಣಿಸಿದ. ಹದಿನೆಂಟು. ನನ್ನ ಎದುರು ನಿಂತು, ಕೊರಳಿನ ಸೀಟಿಯ ದಾರ ಹಿಡಿದ. ಕಿತ್ತುಕೊಂಡೇಬಿಟ್ಟ ಎಂದುಕೊಂಡೆ. ಅವನು ಅಂಗಿಯಿಂದ ಆ ಸೀಟಿಯ ಧೂಳು ಒರೆಸಿ, ಮತ್ತೆ ನನ್ನ ಎದೆಯ ಮೇಲೆ ನೆಟ್ಟಗೆ ಮಾಡಿ ಇಟ್ಟ.

"ಈ ಗ್ಯಾಂಗ್ ಇರೂತನಕ ಸೀಟಿ ಇವಂದ. ಇನ್ನೊಮ್ಮೆ ಇವಂಗ ನಾಯಿ ಅಂದವರಿಗೆ ನಾನ ಕಚ್ಚತೇನಿ" ಅಂದ. "ನಾಳಿಂದ ಬುತ್ತಿ ಬುಟ್ಟಿನೂ ಇವನ ಹತ್ರನ ಇರಲಿ. ಸೀಟಿ ಕೇಳಲಿಲ್ಲ ಅಂದ್ರ ಬುಟ್ಟಿ ಹೊತಗೊಂಡು ಓಡ್ತಾನ."

ಹದಿನಾರು ಮಂದಿ ಹೌದು ಹೌದು ಎಂದರು. ಇಬ್ಬರು ನನ್ನನ್ನು ಹೆಗಲ ಮೇಲೆ ಎತ್ತಿಯೇಬಿಟ್ಟರು. ಮೇಲಿಂದ ಕುರ್ಲಾ ಎಲ್ಲ ನನ್ನ ಕಾಲ ಕೆಳಗೆ ಇದ್ದಂತೆ ಕಂಡಿತು.

ಕಾಕಾ ಮಾತ್ರ ಬುಟ್ಟಿಯ ಮುಂದೆ ಕೂತು ಎಣಿಸುತ್ತಿದ್ದ. ಎಣಿಸಿ ಮುಗಿಸಿ ತಲೆ ಎತ್ತಿದ.

"ಸೀಟಿ ಇರಲ್ರಿ ಮುಕಾದಮ, ಬುಟ್ಟಿ ಮಾತ್ರ ಬ್ಯಾಡ. ಹತ್ತೊಂಬತ್ತಿದ್ದದ್ದು ಹದಿನೇಳ ಅದಾವು. ಇಂವ ಓಡೂ ಮುಂದ ಎರಡು ತಿಂದಾನ!"

ನಾನು ಹೆಗಲ ಮೇಲಿಂದಲೇ ಗಟ್ಟಿಯಾಗಿ ಹೇಳಿದೆ: "ಸುಳ್ಳ ಹೇಳಬ್ಯಾಡ ಕಾಕಾ! ಓಡೂ ಮುಂದ ತಿಂದದ್ದು ಒಂದ. ಇನ್ನೊಂದು ಮುಂಜಾನೆನ ತಿಂದಿದ್ದೆ. ನನಗ ಎಲ್ಲಾ ಮೊದಲ ಗೊತ್ತಾಗತೈತೆಲ್ಲಾ, ನೀವ್ ಇವತ್ತ ನನಗ ಹೊಡೀತೀರಿ ಅಂತ ಆಗಲೇ ಗೊತ್ತಾಗಿತ್ತು, ಅದಕ್ಕ ಆ ಗುದ್ದಿಂದು ಮೊದಲ ವಸೂಲಿ ಮಾಡಿದ್ದೆ."